ಜೇಬು ಸೇರಿದ ಐದು ಹಳದಿ ಮಣಿ

ನನ್ನ ಬಾಯಿ ಜೋರು ಅನ್ನುವುದು ಚನ್ನಪಟ್ಟಣದಲ್ಲಿ ಎಲ್ಲರಿಗೂ ಗೊತ್ತು. ನಗರಸಭೆಯ ಹಣಕಾಸು ಸಲಹಾ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದೂ ಅದಕ್ಕೇ ಇರಬೇಕು. ಹೊರಗೆ ನಿಂತು ಕೂಗಾಡುವವಳನ್ನು ಒಳಗೆ ಕೂರಿಸಿ ಒಂದು ಲೋಟ ಟೀ ಕೊಟ್ಟರೆ ಸುಮ್ಮನಾಗುತ್ತಾಳೆ ಅಂತ ಯಾರೋ ಲೆಕ್ಕ ಹಾಕಿದ್ದರು. ನಾನೂ ಹಾಗೇ ಅಂದುಕೊಂಡು ಹೋದೆ. ಟೀ ಕುಡಿಯುವುದು, ತಲೆಯಾಡಿಸುವುದು, ಸಹಿ ಹಾಕುವುದು, ಮನೆಗೆ ಬರುವುದು. ಮಾಗಡಿ ಕಡೆಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷ ಈ ಊರಲ್ಲಿ ಬೊಂಬೆ ಕಾರ್ಖಾನೆ ನಡೆಸಿದವಳಿಗೆ ಊರಿನ ಬಗ್ಗೆ ಹೊಸದಾಗಿ ಕಲಿಯುವುದು ಏನಿರುತ್ತದೆ ಅನ್ನುವ ಜಂಬ ಬೇರೆ ಇತ್ತು.

ಸಮಿತಿಯಲ್ಲಿ ನಾವು ಏಳು ಜನ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರೊಬ್ಬರು ಅಧ್ಯಕ್ಷರು. ಎಷ್ಟು ಬೈದರೂ ಸಿಟ್ಟಾಗದ ಮನುಷ್ಯ. ಎಂಬತ್ತು ದಾಟಿದ ಒಬ್ಬ ಬೊಂಬೆ ಅಜ್ಜ, ಲೇತಿನ ಮೇಲೆ ಮರ ಕಡೆಯುವುದನ್ನು ನನಗೆ ಕಲಿಸಿಕೊಟ್ಟವರು. ರೇಷ್ಮೆ ನೂಲು ಬಿಚ್ಚುವ ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ಕೇಳಿದರೆ ಮಾತ್ರ ಮಾತಾಡುವವಳು. ಮೂವರು ವ್ಯಾಪಾರಸ್ಥರು. ಮತ್ತು ನಾನು. ಪ್ರತಿ ವರ್ಷ ಬಜೆಟ್ಟಿಗೆ ಮೊದಲು, ಊರಿಗೆ ಬೇಕಾದ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ಮಾಡಿ ಕೊಡುವುದು ನಮ್ಮ ಕೆಲಸ. ಸಲಹೆ ಅಷ್ಟೆ, ತೀರ್ಮಾನ ಕೌನ್ಸಿಲಿನದು. ಆದರೆ ಆ ವರ್ಷ ಅಧ್ಯಕ್ಷರು ಒಂದು ಮಾತು ಹೇಳಿದರು: ಪಟ್ಟಿಯಲ್ಲಿ ಮೊದಲು ಬರುವ ಕೆಲಸವನ್ನು ಕೌನ್ಸಿಲು ಹಾಗೇ ಎತ್ತಿಕೊಳ್ಳುತ್ತದೆ, ಉಳಿದದ್ದಕ್ಕೆ ಭರವಸೆ ಇಲ್ಲ.

ಹಾಗೆ ಅಂದಕೂಡಲೇ ನಾನು ನೆಟ್ಟಗೆ ಕೂತೆ. ಪಟ್ಟಿಯಲ್ಲಿ ಐದು ಕೆಲಸ ಇದ್ದವು. ಅದರಲ್ಲಿ ಒಂದು ನನ್ನದೇ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ನಿಂತೇ ಹೋಗಿತ್ತು. ಮೊದಲೆಲ್ಲ ಕೆಂಗಲ್ ಆಂಜನೇಯನಿಗೆ ಕೈಮುಗಿದು ಹೊರಟವರು ನಮ್ಮಲ್ಲಿ ಇಳಿದು ಮಕ್ಕಳಿಗೆ ಒಂದು ಬುಗುರಿಯನ್ನಾದರೂ ಕೊಳ್ಳುತ್ತಿದ್ದರು. ಈಗ ಆಚೆಯಿಂದಾಚೆಗೇ ಭರ್ ಅಂತ ಹೋಗುತ್ತಾರೆ. ಆ ತಿರುವಿನಲ್ಲಿ ಒಂದು ದೊಡ್ಡ ಕಮಾನು ಕಟ್ಟಿ, ಬಣ್ಣ ಬಳಿದು, ಇಲ್ಲಿ ಬೊಂಬೆಗಳ ಊರಿದೆ ಅಂತ ತೋರಿಸಬೇಕು ಅನ್ನುವುದು ನನ್ನ ಹಟ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕತೆಯನ್ನೆಲ್ಲ ಅರ್ಧ ಗಂಟೆ ಹೇಳಿದೆ. ವ್ಯಾಪಾರಸ್ಥರು ತಲೆಯಾಡಿಸಿದರು.

ನೂಲಿನ ಹೆಂಗಸಿನ ಸರದಿ ಬಂತು. ಅವಳ ಬೀದಿ ಊರಿನ ಕಟ್ಟಕಡೆಯದು, ನಲ್ಲಿಯ ನೀರು ತಲುಪುವಷ್ಟರಲ್ಲಿ ಸುಸ್ತಾಗುವ ಜಾಗ.

"ಗೂಡು ಬೇಯ್ಸಾಕೆ ಒಳ್ಳೆ ನೀರೇ ಬೇಕು ಸಾರ್," ಅಂದಳು. "ಬೋರಿನ ನೀರಾಕುದ್ರೆ ನೂಲು ಮಂಕಾಯ್ತದೆ, ಮಾರ್ಕೆಟ್‌ನಲ್ಲಿ ಮೂಸೋರಿಲ್ಲ. ಹತ್ತು ದಿವ್ಸಕ್ಕೊಂದ್ ಸಲ ಒಸಿ ನೀರು ಬತ್ತದೆ. ಈ ವರ್ಸ ಲೈನು ಬರ್ನಿಲ್ಲ ಅಂದ್ರೆ ಬೇಸಿನ್ ಮಾರ್ಬುಡ್ತೀನಿ. ಕನಕಪುರದೋರು ಒಬ್ರು ಕೇಳವ್ರೆ."

ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ. ಬೇಸಿನ್ ಅಂದರೆ ಗೂಡು ಬೇಯಿಸಿ ಎಳೆ ಎತ್ತುವ ಬಿಸಿನೀರಿನ ತೊಟ್ಟಿ. ಅವಳ ಹತ್ತಿರ ಆರು ತೊಟ್ಟಿ ಇದ್ದವು. ಅವು ಹೋದರೆ ಅವಳ ಬದುಕೂ ಹೋದಂತೆ. ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಯ್ಯೋ ಅನ್ನಿಸಿದ್ದಕ್ಕೆ ನನ್ನ ಕಮಾನನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಅಧ್ಯಕ್ಷರು ನೀರಿನ ನಕ್ಷೆ ಬಿಡಿಸಿದರು. ಅದು ಯಾವ ಕಾಲದ್ದೋ, ಮಡಿಸಿದ ಜಾಗದಲ್ಲೆಲ್ಲ ಹರಿದು ಬೀದಿಗಳೇ ಮಾಯವಾಗಿದ್ದವು. ನೀರು ಬಿಡುವ ವಾಲ್ವ್‌ಮ್ಯಾನನ್ನು ಕರೆಸಿದರು. ಖಾಕಿ ಅಂಗಿ, ಕೈಯಲ್ಲಿ ಎದೆಯುದ್ದದ ಒಂದು ಕಬ್ಬಿಣದ ಸಲಾಕೆ. ನಕ್ಷೆಯನ್ನು ಒಂದು ಸಲ ನೋಡಿ, "ಇದು ನಮ್ಮೂರಲ್ಲ ಬುಡಿ ಸಾರ್," ಅಂದ. "ಏನಾರ ಕೊಡಿ, ಇಟ್ಟು ತೋರುಸ್ತೀನಿ."

ನನ್ನ ಚೀಲದಲ್ಲಿ ಯಾರಿಗೋ ಕೊಡಬೇಕಾಗಿದ್ದ ಅರಗಿನ ಬಣ್ಣದ ಮರದ ಮಣಿಗಳಿದ್ದವು. ಮೇಜಿನ ಮೇಲೆ ಸುರಿದೆ. ಸಲಾಕೆಯನ್ನು ಗೋಡೆಗೆ ಒರಗಿಸಿ ಅವನು ಮಣಿ ಜೋಡಿಸತೊಡಗಿದ. ದೊಡ್ಡ ಟ್ಯಾಂಕಿಗೆ ಒಂದು ಕೆಂಪು ಮಣಿ. ಅಲ್ಲಿಂದ ಹಸಿರು ಸಾಲು. ಇಲ್ಲಿ ವಾಲ್ವು, ಇದು ಎರಡು ಸುತ್ತು ಬಿಗಿ, ಅದು ಅರ್ಧ ಸುತ್ತು. ಈ ಮೂಲೆಯಲ್ಲಿ ಹುಣಸೆ ಮರದ ಬೇರು ಪೈಪನ್ನು ಅಮುಕಿದೆ. ಇಲ್ಲಿ ಪೈಪು ಸಣ್ಣದು, ಹಳೆಯದು, ಮೇಲೆ ಯಾರದೋ ಮನೆ ಎದ್ದಿದೆ. ಒಂದು ಕಡೆಯೂ ಕೈ ತಡೆಯಲಿಲ್ಲ, ಒಂದು ಮಣಿಯನ್ನೂ ಇಟ್ಟು ತೆಗೆಯಲಿಲ್ಲ. ನೋಡನೋಡುತ್ತ ಮೇಜಿನ ಮೇಲೆ ನಮ್ಮ ಊರು ಬಂದು ಕೂತಿತು. ನನ್ನ ಮನೆ, ನನ್ನ ಕಾರ್ಖಾನೆ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಎಲ್ಲದರ ಕೆಳಗೂ ಹರಿಯುವುದೆಲ್ಲ ಈ ಒಬ್ಬ ಮನುಷ್ಯನ ತಲೆಯಲ್ಲಿತ್ತು. ಕೊನೆಗೆ ಒಂದೇ ಒಂದು ನೀಲಿ ಮಣಿಯನ್ನು ಮೇಜಿನ ಅಂಚಿನಲ್ಲಿಟ್ಟು ನೂಲಿನ ಹೆಂಗಸನ್ನು ನೋಡಿದ. "ಇದು ಈಯಮ್ಮನ ಬೀದಿ. ಏರಿನ ಮ್ಯಾಲೈತೆ. ಇರೋ ಪೈಪಲ್ಲಿ ನೀರು ಹತ್ತಾಕಿಲ್ಲ. ಟ್ಯಾಂಕಿಂದ ಬ್ಯಾರೆ ಲೈನೇ ಎಳೀಬೇಕು."

ನನಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷ ನಲ್ಲಿ ತಿರುಗಿಸಿದ್ದೇನೆ, ನೀರು ತಡವಾದಾಗಲೆಲ್ಲ ಇದೇ ಮನುಷ್ಯನಿಗೆ ಬೀದಿಯಲ್ಲಿ ನಿಂತು ಬೈದಿದ್ದೇನೆ. ಅವನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು.

"ಇದೆಲ್ಲ ಹೇಗಯ್ಯಾ ಗೊತ್ತು ನಿನಗೆ?" ಅಂದೆ.

"ಕೇಳ್ತೀನಿ ಕಣಕ್ಕ," ಅಂದ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ರಸ್ತೆಯಂಚಿನ ವಾಲ್ವಿನ ಮೇಲೆ ಸಲಾಕೆಯ ಒಂದು ತುದಿ ಊರಿ, ಇನ್ನೊಂದು ತುದಿಯನ್ನು ನನ್ನ ಕಿವಿಗೆ ಹಿಡಿದ. ಅಬ್ಬಾ! ನೆಲದ ಅಡಿಯಿಂದ ಒಂದು ಸದ್ದು, ಉದ್ದಕ್ಕೆ, ಬಿಡದೆ, ಮೂಳೆಯ ಒಳಗೇ ಬಂದಂತೆ. ರಸ್ತೆಯಲ್ಲಿ ಆಟೋಗಳು ಹಾರನ್ ಹೊಡೆಯುತ್ತಿದ್ದವು, ನನಗೆ ಅದು ಯಾವುದೂ ಕೇಳಿಸಲಿಲ್ಲ.

ಒಳಗೆ ಅಧ್ಯಕ್ಷರು ಮೇಜಿನ ಮೇಲಿನ ಮಣಿಗಳನ್ನು ಇನ್ನೂ ನೋಡುತ್ತ ಕೂತಿದ್ದರು. ಮುಂದಿನ ಸಭೆಯಲ್ಲಿ ಕೈ ಎತ್ತಿಸುವುದು ಬೇಡ, ಮಣಿ ಹಾಕಿಸೋಣ ಅಂದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಐದೈದು ಮಣಿ. ಐದು ಕೆಲಸಕ್ಕೆ ಐದು ಡಬ್ಬಿ. ಬೇಕಾದರೆ ಐದನ್ನೂ ಒಂದೇ ಡಬ್ಬಿಗೆ ಹಾಕಬಹುದು, ಬೇಕಾದರೆ ಹಂಚಬಹುದು. ಮಣಿ ತರುವ ಕೆಲಸ ನನ್ನ ತಲೆಗೆ ಬಂತು.

ತಪ್ಪು ಶುರುವಾದದ್ದು ಅಲ್ಲೇ, ನನ್ನ ಕಾರ್ಖಾನೆಯಲ್ಲಿ. ಸಭೆಯ ದಿನ ಬೆಳಿಗ್ಗೆ ಬೆಂಗಳೂರಿಗೆ ಒಂದು ಆರ್ಡರು ಹೋಗಬೇಕಿತ್ತು. ಆರು ಬಣ್ಣ ಸರಿಯಾಗಿ ಸಿಕ್ಕವು. ಏಳನೆಯದು ಹಳದಿ, ಒಳ್ಳೆಯವೆಲ್ಲ ಪೆಟ್ಟಿಗೆ ಸೇರಿಬಿಟ್ಟಿದ್ದವು. ಸಣ್ಣಪುಟ್ಟ ದೋಷ ಇದ್ದದ್ದನ್ನು ಬೇರೆ ಹಾಕುವ ಸೆಕೆಂಡ್ಸ್ ಮಾಲಿನ ಚೀಲಕ್ಕೆ ಕೈ ಹಾಕಿ ಐದು ತೆಗೆದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಲ್ಲಿ ಹೊರಳಿಸಿದರೆ ಮಾತ್ರ ಒಂದು ಕಡೆ ಚಪ್ಪಟೆ ಅನ್ನುವುದು ಗೊತ್ತಾಗುತ್ತದೆ. ಡಬ್ಬಿಗೆ ಬೀಳುವ ಮಣಿಗೆ ಗುಂಡಗಿದ್ದರೆಷ್ಟು ಬಿಟ್ಟರೆಷ್ಟು ಅಂದುಕೊಂಡೆ.

ಸಭೆಗೆ ನೂಲಿನ ಹೆಂಗಸು ಕೊನೆಗೆ ಬಂದಳು. ಅವತ್ತೇ ಅವರ ಬೀದಿಗೆ ನೀರು ಬಿಟ್ಟಿದ್ದರು, ಹಿಡಿದಿಟ್ಟು ಓಡಿ ಬಂದಿದ್ದಳು, ಸೀರೆಯ ಅಂಚು ಒದ್ದೆ. ಎಲ್ಲರೂ ಆರಿಸಿಕೊಂಡು ಉಳಿದಿದ್ದು ಹಳದಿ. ಅದನ್ನೇ ತಗೊಂಡಳು. ನಾನು ನನ್ನ ಐದೂ ಕೆಂಪು ಮಣಿಯನ್ನು ಕಮಾನಿನ ಡಬ್ಬಿಗೆ ಟಪಟಪ ಅಂತ ಹಾಕಿ ಬಂದೆ. ಅವಳು ಡಬ್ಬಿಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಎಲ್ಲರಿಗೂ ಹಿರಿಯರು ಅಂತ ಎಣಿಸುವ ಗೌರವವನ್ನು ಬೊಂಬೆ ಅಜ್ಜನಿಗೆ ಕೊಟ್ಟರು. ಅಜ್ಜನಿಗೆ ಕಣ್ಣು ಅಷ್ಟಕ್ಕಷ್ಟೆ. ಒಂದೊಂದೇ ಡಬ್ಬಿಯನ್ನು ತಟ್ಟೆಗೆ ಸುರಿದುಕೊಂಡು, ಸೂರು ನೋಡುತ್ತ, ಹೆಬ್ಬೆರಳು ತೋರುಬೆರಳಲ್ಲಿ ಮಣಿ ಹೊರಳಿಸುತ್ತ ಎಣಿಸಿದರು. ನಡುನಡುವೆ ಕೈ ಜುಬ್ಬದ ಜೇಬಿಗೆ ಹೋಗಿ ಬರುತ್ತಿತ್ತು. ನಶ್ಯದ ಡಬ್ಬಿ ಹುಡುಕುತ್ತಿದ್ದಾರೆ ಅಂದುಕೊಂಡೆ.

ಕಮಾನಿಗೆ ಹನ್ನೊಂದು. ನೀರಿಗೆ ಹತ್ತು. ಉಳಿದ ಮೂರಕ್ಕೆ ಹೇಳಿಕೊಳ್ಳುವಷ್ಟಿರಲಿಲ್ಲ.

ನಾನು ಚಪ್ಪಾಳೆ ತಟ್ಟಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ತಟ್ಟಿದ್ದು ನಿಜ. ನೂಲಿನ ಹೆಂಗಸು ಅಜ್ಜನ ಜುಬ್ಬವನ್ನು ಒಂದು ಸಲ, ಅಧ್ಯಕ್ಷರ ಮುಖವನ್ನು ಒಂದು ಸಲ ನೋಡಿದಳು. ಟೀ ಮುಗಿಸಿ, ಲೋಟವನ್ನು ತಾನೇ ಒಯ್ದಿಟ್ಟು, "ಬತ್ತೀನಿ ಕಣಕ್ಕ," ಅಂತ ಹೊರಟುಹೋದಳು. ಪಟ್ಟಿಯನ್ನು ಮಾರನೇ ದಿನ ಮಧ್ಯಾಹ್ನ ಸೇರಿ ಸಹಿ ಮಾಡುವುದು ಅಂತಾಯಿತು.

ಮಾರನೇ ದಿನ ಬೆಳಿಗ್ಗೆ ಅಜ್ಜ ಕೋಲೂರಿಕೊಂಡು ನನ್ನ ಕಾರ್ಖಾನೆಗೆ ಬಂದರು. ಲೇತುಗಳ ಸದ್ದು ನಿಲ್ಲಿಸಿ ಅಂತ ಕೈ ಎತ್ತಿದರು. ಜೇಬಿನಿಂದ ಐದು ಹಳದಿ ಮಣಿ ತೆಗೆದು ನನ್ನ ಮುಂದೆ ಸುರಿದರು.

"ಏನವ್ವಾ ಇದು? ಇಂಥಾ ಮಾಲ ನಗರಸಭೆ ಮೇಜಿನ್ ಮ್ಯಾಲೆ ಇಡ್ತೀಯಲ್ಲ, ಮಾನ ಮರ್ವಾದೆ ಐತಾ? ನಾನ್ ಕಲ್ಸಿದ್ದು ಇದನ್ನೇಯಾ? ಪುಣ್ಯಕ್ಕೆ ನನ್ ಕೈಗೆ ಸಿಕ್ತು, ಯಾರ್ಗೂ ಕಾಣ್ದಂಗೆ ಎತ್ತಿಟ್ಕಂಡೆ. ಬ್ಯಾರೆಯೋರು ಮುಟ್ಟಿದ್ರೆ ಊರೆಲ್ಲಾ ಏನನ್ನೋರು?"

ಬೈಸಿಕೊಳ್ಳುತ್ತ ಮೊದಲು ನಗು ಬಂತು. ಎಂಬತ್ತು ದಾಟಿದರೂ ಅಜ್ಜನ ಬೆರಳಿಂದ ಒಂದು ತಪ್ಪೂ ನುಸುಳುವುದಿಲ್ಲವಲ್ಲ ಅಂತ ಬೆರಗೂ ಆಯಿತು. ಆಮೇಲೆ ಮಣಿಗಳನ್ನು ಎಣಿಸಿದೆ. ಐದು. ಹಳದಿ. ಅಜ್ಜ ಎಣಿಸಲು ಕೂತಿದ್ದರು ನಿಜ, ಆದರೆ ಆ ಕೈಗಳು ಜೀವಮಾನವೆಲ್ಲ ಮಾಡಿದ್ದು ಒಳ್ಳೆಯದನ್ನು ಇಟ್ಟು ಕೆಟ್ಟದ್ದನ್ನು ತೆಗೆಯುವ ಕೆಲಸ. ಅದನ್ನೇ ಮಾಡಿದ್ದವು. ನಮ್ಮ ಕಸುಬಿನ ಮಾನ ಕಾಪಾಡಲು ಹೋಗಿ ಅಜ್ಜ ಒಬ್ಬಳ ಮಾತನ್ನೇ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿದ್ದರು. ಬ್ಯಾಂಕಿನಲ್ಲಿ ಜೀವ ತೇಯ್ದ ಅಧ್ಯಕ್ಷರೂ ಒಟ್ಟು ಎಷ್ಟಾಯಿತು ಅಂತ ಕೂಡಿ ನೋಡಿರಲಿಲ್ಲ.

ಅಜ್ಜನಿಗೆ ಏನೂ ಹೇಳಲಿಲ್ಲ. ಕಾಫಿ ಕೊಟ್ಟು ಕಳಿಸಿದೆ. ಮಣಿಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ವಿಷಯ ನನಗೊಬ್ಬಳಿಗೇ ಗೊತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಧ್ಯಾಹ್ನಕ್ಕೆ ಕಮಾನು ಗಟ್ಟಿ. ಊರಿಗೆಲ್ಲ ಬಾಯಿ ಜೋರು ಅನ್ನಿಸಿಕೊಂಡವಳು ಅವತ್ತು ಎರಡು ಗಂಟೆ ಬಾಯಿ ಬಿಡಲಿಲ್ಲ, ಲೇತಿನ ಹುಡುಗಿಯರೆಲ್ಲ ಗಾಬರಿಯಾಗಿದ್ದರು. ಕೊನೆಗೆ ನನ್ನ ಮೇಲೇ ರೇಗಿ, ಚಪ್ಪಲಿ ಮೆಟ್ಟಿಕೊಂಡು ಅವಳ ಬೀದಿಗೆ ಹೊರಟೆ.

ಅವಳ ಮನೆ ಮುಂದೆ ಹಬೆಯೂ ಇರಲಿಲ್ಲ, ಗೂಡಿನ ವಾಸನೆಯೂ ಇರಲಿಲ್ಲ. ಆರು ತೊಟ್ಟಿಯನ್ನೂ ತಿಕ್ಕಿ ತೊಳೆದು ಬೋರಲು ಹಾಕಿದ್ದಳು. ವಾಲ್ವ್‌ಮ್ಯಾನು ಬೀದಿಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಕೇಳದೆಯೇ ಸಲಾಕೆಯನ್ನು ನನ್ನ ಕಿವಿಗೆ ಕೊಟ್ಟ. ಬಹಳ ಹೊತ್ತು ಹಿಡಿದೆ. ಏನೂ ಇಲ್ಲ. ಬರೀ ಕಬ್ಬಿಣ, ತಣ್ಣಗೆ.

"ನಾಳಿಕ್ ಕನಕಪುರದೋರು ಬತ್ತಾರೆ ಕಣಕ್ಕ," ಅಂದಳು ಅವಳು, ತೊಟ್ಟಿಗಳ ಕಡೆ ನೋಡುತ್ತ.

ನಾನು ಮುಷ್ಟಿ ಬಿಚ್ಚಿದೆ. ಹಳದಿ ಮಣಿ ನೋಡಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅಜ್ಜ ಜೇಬಿಗಾಕ್ಕಂಡಿದ್ದು ನೋಡ್ದೆ," ಅಂದಳು. "ಲೇಟಾಗ್ ಬಂದೋರ್ದು ಲೆಕ್ಕಕ್ಕಿಲ್ವೇನೋ ಅನ್ಕಂಡೆ. ನಮ್ ಬೀದಿ ಅಂದ್ರೆ ಎಲ್ಲಾದ್ರಲ್ಲೂ ಅಂಗೇ ಅಲ್ವಾ."

ನನಗೆ ಸಿಟ್ಟು ನೆತ್ತಿಗೇರಿತು. ನ್ಯಾಯ ತಪ್ಪಿದ್ದಕ್ಕಲ್ಲ, ಅದನ್ನು ಅವಳು ಮಾಮೂಲಿ ಅಂದುಕೊಂಡದ್ದಕ್ಕೆ. ಏನಮ್ಮಾ ಹೀಗೆ, ಬಾಯಿ ಇಲ್ವಾ ನಿನಗೆ, ಅಲ್ಲೇ ಎದ್ದು ಕೇಳಬಾರದಿತ್ತಾ ಅಂತ ಬೀದಿಗೆಲ್ಲ ಕೇಳುವಂತೆ ಅವಳಿಗೇ ಬೈದೆ. ಬೈಯಬೇಕಾದದ್ದು ನನಗೆ. ಕೈ ಹಿಡಿದು ದರದರ ಎಳೆದುಕೊಂಡೇ ಆಟೋ ಹತ್ತಿಸಿದೆ.

ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಸೆಕೆಂಡ್ಸ್ ಚೀಲಕ್ಕೆ ಕೈ ಹಾಕಿದ್ದು, ಎರಡು ಗಂಟೆ ಸುಮ್ಮನೆ ಕೂತದ್ದು, ಏನನ್ನೂ ಬಿಡಲಿಲ್ಲ. ಅಧ್ಯಕ್ಷರು ಹಣೆ ಚಚ್ಚಿಕೊಂಡರು. ಬೊಂಬೆ ಅಜ್ಜ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಬೇರೆಯವರ ಕೈಗಳೇನೋ ಎಂಬಂತೆ ನೋಡಿಕೊಂಡರು. ಎದ್ದು ನೂಲಿನ ಹೆಂಗಸಿನ ಮುಂದೆ ನಿಂತು, "ತಪ್ಪಾಯ್ತು ಮಗಾ," ಅಂದರು. ಅವಳು ಗಡಬಡಿಸಿ ಎದ್ದುನಿಂತಳು.

ನಿನ್ನೆಯ ಮಣಿಗಳೆಲ್ಲ ಡಬ್ಬಿಗಳಲ್ಲಿ ಹಾಗೇ ಇದ್ದವು. ಅಧ್ಯಕ್ಷರು ಹಳದಿ ಮಣಿಗಳನ್ನು ಅವಳ ಕೈಗೆ ಕೊಟ್ಟು, ನಿನ್ನೆ ಹೇಗೆ ಹಾಕಿದಿರೋ ಹಾಗೇ ಹಾಕಿ ಅಂದರು. ಐದೂ ನೀರಿಗೇ ಅಂತ ನಮಗೆಲ್ಲ ಗೊತ್ತಿತ್ತು. ಹತ್ತು ಐದು ಹದಿನೈದು, ಕಮಾನಿನ ಕತೆ ಮುಗಿಯಿತು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಮೂರನ್ನು ನೀರಿನ ಡಬ್ಬಿಗೆ ಹಾಕಿದಳು. ಪಕ್ಕಕ್ಕೆ ಸರಿದು, ಉಳಿದ ಎರಡನ್ನು ಕಮಾನಿನ ಡಬ್ಬಿಗೆ ಹಾಕಿ ಬಂದು ಕೂತಳು.

ಹದಿಮೂರು, ಹದಿಮೂರು.

"ನಿನಗೇನು ತಲೆಗಿಲೆ ಕೆಟ್ಟಿದೆಯಾ?" ಅಂತ ಕೂಗಿಬಿಟ್ಟೆ. "ಮನೇಲಿ ತೊಟ್ಟಿ ಬೋರಲು ಹಾಕಿ ಇಲ್ಲಿ ಬಂದು ನನ್ನ ಕಮಾನಿಗೆ ಹಾಕ್ತೀಯಲ್ಲೇ!"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಆವತ್ತು ನೀವು ಅಷ್ಟೊತ್ತು ಹೇಳುದ್ರಲ್ಲಕ್ಕ, ಅಂಗ್ಡಿ ಮುಂದೆ ಒಂದ್ ಕಾರೂ ನಿಲ್ಲಾಕಿಲ್ಲ ಅಂತ. ನಿಮ್ದೂ ಹೊಟ್ಟೆ ಅಲ್ವಾ? ಊರಿಗೆ ಏನ್ ಬೇಕು ಅಂತ ಕೇಳವ್ರೆ, ನಂಗೇನ್ ಬೇಕು ಅಂತ ಕೇಳಿಲ್ವಲ್ಲ."

ಅರ್ಧ ಗಂಟೆ ನಾನು ಆಡಿದ ಮಾತನ್ನು ಅವಳು ಕೇಳಿಸಿಕೊಂಡಿದ್ದಳು. ಅವಳ ಎರಡು ನಿಮಿಷವನ್ನು ನಾನು ಕೇಳಿಸಿಕೊಂಡಿರಲಿಲ್ಲ. ಆ ಕೋಣೆಯಲ್ಲಿ ಅಷ್ಟು ಸಣ್ಣವಳಾಗಿ ನಾನು ಯಾವತ್ತೂ ಕೂತಿಲ್ಲ. ಕಣ್ಣೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ. ಎದ್ದು ಕಮಾನಿನ ಡಬ್ಬಿಗೆ ಕೈ ಹಾಕಿ ನನ್ನ ಕೆಂಪು ಮಣಿಗಳನ್ನು ಹುಡುಕಿದೆ. ಒಂದು ಸಿಕ್ಕಿತು. ನೀರಿನ ಡಬ್ಬಿಗೆ ಹಾಕಿದೆ. ಅಷ್ಟಕ್ಕೆ ಸಾಕಾಗಿತ್ತು. ಆದರೂ ಇನ್ನೊಂದು ತೆಗೆದು ಹಾಕಿದೆ. ಸಾಲದ್ದಕ್ಕೆ ವ್ಯಾಪಾರಸ್ಥರಲ್ಲೊಬ್ಬರು ಎದ್ದು, "ಒಸಿ ಇರವ್ವ, ನಂದೂ ತಗೀತೀನಿ," ಅಂತ ಪಕ್ಕದಲ್ಲಿ ಬಂದು ನಿಂತರು. ಎಷ್ಟೆಷ್ಟಾಯಿತು ಅಂತ ಆಮೇಲೆ ಯಾರೂ ಎಣಿಸಲಿಲ್ಲ. ಅಧ್ಯಕ್ಷರು ಪಟ್ಟಿಯ ಮೊದಲನೇ ಸಾಲಿನಲ್ಲಿ ಬರೆದರು: ಕೊನೆಯ ಬೀದಿಗೆ ಟ್ಯಾಂಕಿನಿಂದ ಬೇರೆ ಲೈನು.

ಬರಬೇಡಿ ಅಂತ ಕನಕಪುರದವರಿಗೆ ಅವಳು ಅವತ್ತೇ ಫೋನು ಮಾಡಿದಳು. ಕೌನ್ಸಿಲು ಒಪ್ಪಿತು. ಅಗೆದರು, ಮುಚ್ಚಿದರು, ಮತ್ತೆ ಅಗೆದರು. ನಡುವೆ ನಾನು ಹೋಗಿ ಎಷ್ಟು ಸಲ ಜಗಳ ಆಡಿದೆನೋ ಲೆಕ್ಕವಿಲ್ಲ. ಕಮಾನು ಇನ್ನೂ ಆಗಿಲ್ಲ. ಈ ವರ್ಷದ ಪಟ್ಟಿಯಲ್ಲೂ ಇದೆ. ಮಣಿಗಳನ್ನು ಈಗ ಅಜ್ಜನೇ ಒಂದೊಂದಾಗಿ ಹೊರಳಿಸಿ ಆರಿಸಿ ಕೊಡುತ್ತಾರೆ.

ನೀರು ಬಿಡುವ ದಿನ ವಾಲ್ವ್‌ಮ್ಯಾನು ನನಗೆ ಹೇಳಿ ಕಳಿಸಿದ್ದ. ಹೋಗಿ ಬೀದಿಯ ತುದಿಯಲ್ಲಿ, ಹೊಸ ವಾಲ್ವಿನ ಪಕ್ಕದಲ್ಲಿ ಅವನ ಜೊತೆ ಕುಕ್ಕರಗಾಲಲ್ಲಿ ಕೂತೆ. ಸಲಾಕೆಯನ್ನು ಕಿವಿಗೆ ಹಿಡಿದೆ. ಮೊದಲು ಕಬ್ಬಿಣ, ತಣ್ಣಗೆ. ಆಮೇಲೆ ಎಲ್ಲೋ ದೂರದಲ್ಲಿ ಒಂದು ಸಣ್ಣ ಸದ್ದು. ಅದು ಏರು ಹತ್ತಿ ಹತ್ತಿರ ಹತ್ತಿರ ಬಂದು ನನ್ನ ಕಾಲಡಿಯಲ್ಲೇ ಹಾದುಹೋಯಿತು. "ಬಂತು ಕಣಯ್ಯಾ!" ಅಂತ ಕೂಗಿದೆ. ಅವನು ನಕ್ಕ.

ಅವಳಿಗೆ ಹೇಳೋಣ ಅಂತ ಓಡಿದೆ. ಬಾಗಿಲಲ್ಲೇ ಹಬೆ ಮುಖಕ್ಕೆ ಹೊಡೆಯಿತು. ಹೊಸ ನೀರು ಬಂದೇ ಬರುತ್ತದೆ ಅನ್ನುವ ಧೈರ್ಯದಲ್ಲಿ, ಹಿಡಿದಿಟ್ಟಿದ್ದ ನೀರನ್ನೆಲ್ಲ ಸುರಿದು ಆಗಲೇ ಒಲೆ ಹೊತ್ತಿಸಿದ್ದಳು. ಆರು ತೊಟ್ಟಿಯಲ್ಲೂ ಗೂಡು ಕುಣಿಯುತ್ತಿದ್ದವು. ಅವಳು ಬಗ್ಗಿ ಎಳೆ ಹುಡುಕುತ್ತಿದ್ದಳು, ತಲೆ ಎತ್ತಲೂ ಇಲ್ಲ.

"ಕೂತ್ಕಳಕ್ಕ," ಅಂದಳು. "ಗೂಡು ಬೆಂದೋಯ್ತವೆ, ಆಮ್ಯಾಕೆ ಮಾತಾಡನ."